ನಮ್ಮಮ್ಮನ ವರಾಂಡ

ಹೆಣ್ಣು ನೋಡಲು ಬಂದವರು ಹೆಣ್ಣನ್ನು ನೋಡಿ ಬೇಡ ಅಂದರೆ ಅದು ಆ ಹೆಣ್ಣಿನ ಹಣೆಬರಹ. ನನ್ನ ವಿಷಯದಲ್ಲಿ ಅಷ್ಟು ದೂರ ಹೋಗುತ್ತಲೇ ಇರಲಿಲ್ಲ. ಬಾಗಿಲ ಹತ್ತಿರವೇ ಏನಾದರೊಂದು ಆಗಿಬಿಡುತ್ತಿತ್ತು. ಒಂದು ಸಲವಲ್ಲ, ಬಂದಾಗಲೆಲ್ಲ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ನೇಕಾರರ ಮನೆ. ಬಾಗಿಲು ತೆಗೆದರೆ ಒಂದು ಪುಟ್ಟ ಕೋಣೆ. ಬೆಳಕು ಸಿಗಲೆಂದು ಮಗ್ಗವನ್ನು ಅಲ್ಲೇ ಹೂಡಿದ್ದರು. ಎಪ್ಪತ್ತರ ಆಸುಪಾಸಿನಲ್ಲಿ ಊರ ತುಂಬ ಕರೆಂಟಿನ ಮಗ್ಗಗಳು ಬಂದವು. ಅಪ್ಪ ಕೈಮಗ್ಗ ಬಿಚ್ಚಿ ಅಟ್ಟಕ್ಕೇರಿಸಿ, ಯಾರದೋ ಶೆಡ್ಡಿಗೆ ಕೆಲಸಕ್ಕೆ ಹೋಗತೊಡಗಿದರು. ಕೋಣೆಯಲ್ಲಿ ಉಳಿದದ್ದು ಗುಂಡಿ ಮಾತ್ರ. ನೇಯುವವರು ಅಂಚಿನ ಮೇಲೆ ಕೂತು, ಕಾಲು ಇಳಿಬಿಟ್ಟು, ಎಡಗಾಲು ಬಲಗಾಲು ಅಂತ ಮಗ್ಗದ ತುಳಿಮಣೆ ಒತ್ತುವ ಗುಂಡಿ ಅದು. ಶೆಡ್ಡಿನಿಂದ ಬಂದೊಡನೆ ಅಪ್ಪ ಅದರಲ್ಲಿ ಕಾಲು ಬಿಟ್ಟುಕೊಂಡು ಕಾಫಿ ಕುಡಿಯುತ್ತಿದ್ದರು.

"ಬೆಳಗಿಂದ ನಿಂತೂ ನಿಂತೂ ಕಾಲು ಹಿಡ್ಕೊಂಡಿರ್ತದೆ. ಇಲ್ಲಿ ಇಳಿಬಿಟ್ರೇನೇ ಅದಕ್ಕೆ ಮನೆಗೆ ಬಂದೆ ಅಂತ ಗೊತ್ತಾಗೋದು" ಅನ್ನುತ್ತಿದ್ದರು.

ಅಮ್ಮನಿಗೆ ಮಾತ್ರ ಆ ಕೋಣೆ ವರಾಂಡ ಆಗಬೇಕಿತ್ತು. ಬೆಂಗಳೂರಿನಲ್ಲಿ ನಮ್ಮ ಸೋದರಮಾವನ ಮನೆಯ ವರಾಂಡ ನೋಡಿ ಬಂದಾಗಿನಿಂದ ಅವಳಿಗೆ ನಿದ್ದೆ ಇಲ್ಲ. "ಹೊಸದೇನೂ ತರೋದ್ ಬೇಡ. ಇರೋ ಸಾಮಾನಲ್ಲೇ ಮಾಡ್ತೀನಿ. ಮಗಳನ್ನ ನೋಡೋಕೆ ಬಂದೋರನ್ನ ಗುಂಡಿ ಪಕ್ಕ ಕೂರಿಸ್ಲಾ?" ಅಂದಳು. ಗುಂಡಿಗೆ ಹಲಗೆ ಮುಚ್ಚಿ ಚಾಪೆ ಹಾಸಿದಳು. ಇರೋ ಸಾಮಾನು ಅಂದರೆ ಒಂದು ಟ್ರಂಕು, ಒಂದು ತೊಟ್ಟಿಲು, ಒಂದು ಬೆಂಚು.

ಟ್ರಂಕಿನ ಸೋಫಾ

ಮೊದಲು ಬಂದವರು ಹೊಸಕೋಟೆ ಕಡೆಯವರು. ಅವರು ಬರುವ ದಿನ ಅಮ್ಮ ಕಬ್ಬಿಣದ ಟ್ರಂಕನ್ನು ಮುಂದಿನ ಕೋಣೆಗೆ ಎಳೆಸಿ, ಮೇಲೆ ಹತ್ತಿಯ ಹಾಸಿಗೆ ಮಡಿಸಿಟ್ಟು, ಹೂವಿನ ದುಪ್ಪಟಿ ಹೊದಿಸಿದಳು. ದೂರದಿಂದ ನೋಡಿದರೆ ಸೋಫಾನೇ. ಬಂದವರು ಹೇಳಿದ್ದಕ್ಕಿಂತ ಒಂದು ಬಸ್ಸು ಮುಂಚೆಯೇ ಬಂದುಬಿಟ್ಟರು. ಹುಡುಗನ ತಾಯಿ ದಢೂತಿ ಹೆಂಗಸು, ಸೀದಾ ಹೋಗಿ ಸೋಫಾದ ಮೇಲೆ ಕೂತರು.

ಒಳಗೆ ನಾನು ಮನೆಯಲ್ಲುಡುವ ಹಳೇ ಸೀರೆಯಲ್ಲೇ ನಿಂತಿದ್ದೆ. ಮನೆಗಿದ್ದ ಒಂದೇ ರೇಷ್ಮೆ ಸೀರೆ ಟ್ರಂಕಿನೊಳಗಿತ್ತು. ಕಾಫಿ ಆಯಿತು, ಉಪ್ಪಿಟ್ಟಾಯಿತು, ಎರಡನೇ ಸಲ ಕಾಫಿಯೂ ಆಯಿತು. ಆಕೆ ಅಲ್ಲಾಡಲಿಲ್ಲ.

"ಹುಡುಗೀನ ಕರೀರಮ್ಮ, ಬಸ್ಸಿಗೆ ಹೊತ್ತಾಯ್ತು" ಅಂದರು ಕೊನೆಗೆ.

ಅಮ್ಮ ಕೈ ಹಿಸುಕಿಕೊಂಡು ಹೇಳಿದಳು: "ಕರೀತೀನಿ. ನೀವು ಒಂಚೂರು ಎದ್ದೇಳ್ಬೇಕು. ಅವಳ ಸೀರೆ ನಿಮ್ಮ ಕೆಳಗಿದೆ."

ತೊಟ್ಟಿಲು

ಟ್ರಂಕು ಒಳಗೆ ಹೋಯಿತು, ಅದರ ಜಾಗಕ್ಕೆ ತೊಟ್ಟಿಲು ಬಂತು. ನಾನು ಮಲಗಿದ್ದ ತೊಟ್ಟಿಲೇ. ಅಮ್ಮ ಅದಕ್ಕೆ ಎಣ್ಣೆ ಒರೆಸಿ ಮಿರಮಿರ ಮಿಂಚಿಸಿ, ಒಳಗೆ ಕ್ರೋಟನ್ ಗಿಡದ ಡಬ್ಬ ಇಟ್ಟಳು. ನಿಜ ಹೇಳಬೇಕೆಂದರೆ ಚೆನ್ನಾಗೇ ಕಾಣುತ್ತಿತ್ತು.

ನೆಲಮಂಗಲದಿಂದ ಬಂದ ಹುಡುಗನ ಸೋದರತ್ತೆ ಹೊಸಿಲಲ್ಲೇ ನಿಂತರು. ಮದುವೆಯಾಗದ ಹುಡುಗಿಯ ಮನೆ, ಒಂದೇ ಮಗಳು, ಬಾಗಿಲಲ್ಲೇ ತೊಟ್ಟಿಲು.

"ಮನೇಲಿ ಮಗು ಇದೆಯಾ?" ಅಂದರು.

ಗಿಡ ಇಡೋಕೆ ಇಟ್ಟಿದ್ದೀವಿ ಅಂದಿದ್ದರೆ ಮುಗಿಯುತ್ತಿತ್ತು. ಅಮ್ಮ ಗಾಬರಿಯಲ್ಲಿ, "ಅಯ್ಯೋ ಇಲ್ಲಪ್ಪ! ಮುಂದಕ್ಕೆ ಬೇಕಾಗುತ್ತಲ್ಲಾ, ಅದಕ್ಕೇ ರೆಡಿ ಮಾಡಿ ಇಟ್ಟಿದ್ದೀವಿ" ಅಂದುಬಿಟ್ಟಳು.

ಆಮೇಲೆ ಬ್ರೋಕರ್ ಹತ್ತಿರ ಆಕೆ ಹೇಳಿ ಕಳಿಸಿದ್ದು ಇಷ್ಟೆ: "ಅಷ್ಟೊಂದು ಅವಸರ ಇರೋ ಮನೆ ನಮಗೆ ಬೇಡ."

ಹಲಗೆ

ಈ ಸುದ್ದಿ ತಂದ ಬ್ರೋಕರ್ ಇನ್ನೊಂದು ಸಂಬಂಧದ ಸುದ್ದಿಯನ್ನೂ ತಂದಿದ್ದ. ಅವನು ಬಂದದ್ದು ಸಂಜೆ, ಅಪ್ಪ ಶೆಡ್ಡಿನಿಂದ ಬಂದು ಹಲಗೆ ಸರಿಸಿ ಕಾಲು ಇಳಿಬಿಟ್ಟು ಕೂತು, ಆಗಷ್ಟೇ ಲೋಟ ಇಡಲು ಒಳಗೆ ಹೋಗಿದ್ದಾಗ. ಸಂಜೆ ಬಿಸಿಲಿನಿಂದ ಒಳಗೆ ಬಂದು ಕಣ್ಣು ಕತ್ತಲೆಗಟ್ಟಿದವನು, "ಯಜಮಾನ್ರೇ, ದೇವನಹಳ್ಳಿ ಕಡೆ ಒಳ್ಳೇ ಗಂಡು..." ಅನ್ನುತ್ತಲೇ ಮಾಯವಾದ. ಗುಂಡಿಯಿಂದ ಕೊಡೆ ಮಾತ್ರ ಮೇಲಕ್ಕೆ ಕಾಣುತ್ತಿತ್ತು.

ಎತ್ತಿ ಕೂರಿಸಿ ನೀರು ಕೊಟ್ಟ ಮೇಲೆ ಅವನು ಹೇಳಿದ: "ಹುಡುಗ ಸರ್ಕಾರಿ ನೌಕರಿ. ಅಂಥೋರು ಬರೋ ಜಾಗಾನಾ ಇದು? ಮುಚ್ಚಿಸಿಬಿಡಿ ಯಜಮಾನ್ರೇ. ಮಗಳಿಗಿಂತ ಹೆಚ್ಚಾ ಈ ಗುಂಡಿ?"

ಅಪ್ಪ ಹಲಗೆಯನ್ನು ಮತ್ತೆ ಗುಂಡಿಯ ಮೇಲೆ ಎಳೆದರು. ಭಾನುವಾರ ತಾವೇ ಮಣ್ಣು ಹೊತ್ತು ತಂದು ಗುಂಡಿ ತುಂಬಿದರು. ದಿಮ್ಮಿಸಿ, ಸಗಣಿ ಸಾರಿಸಿದರು. "ಬೇಡಪ್ಪಾ" ಅಂದೆ. "ಸುಮ್ನಿರು ಮಗಳೇ, ಮಗ್ಗಾನೇ ಇಲ್ಲ" ಅಂದರು. ನನಗೆ ಅಳು ಬಂತು. ಅಮ್ಮ ಹಿತ್ತಲಲ್ಲಿ ಕೊಡ ಇಡುತ್ತಿದ್ದ ಬೆಂಚನ್ನು ತೊಳೆದು ಆ ಜಾಗದಲ್ಲಿ ಹಾಕಿ, ಅದರ ಬುಡದಲ್ಲಿ ರಂಗೋಲಿ ಬಿಟ್ಟಳು. ಕೊನೆಗೂ ವರಾಂಡ ಆಯಿತು. ಅಪ್ಪ ಬೆಂಚಿನ ಮೇಲೆ ಕೂತು ಕಾಫಿ ಕುಡಿದರು.

"ಹೆಂಗಿದೆ?" ಅಂದಳು ಅಮ್ಮ.

"ಚೆನ್ನಾಗಿದೆ. ಬಸ್ ಸ್ಟ್ಯಾಂಡಲ್ಲಿ ಕೂತಂಗಿದೆ" ಅಂದರು ಅಪ್ಪ.

ಬೆಂಚು

ಆ ವಾರವೇ ದೇವನಹಳ್ಳಿಯವರು ಬಂದರು. ಹುಡುಗ, ಅವನ ತಂದೆ, ತಾಯಿ. ತಂದೆ ಒಳಗೆ ಬಂದವರೇ ನನ್ನನ್ನು ನೋಡಲಿಲ್ಲ, ವರಾಂಡವನ್ನೂ ನೋಡಲಿಲ್ಲ. ನೆಲ ನೋಡಿದರು.

"ಮಗ್ಗ ಎಲ್ಲಿತ್ತು?"

"ನೀವು ನಿಂತಿದ್ದೀರಲ್ಲ, ಅಲ್ಲೇ" ಅಂದರು ಅಪ್ಪ.

"ಗುಂಡಿ?"

"ಮೊನ್ನೆ ಮುಚ್ಚಿಬಿಟ್ಟೆ. ನೀವು ಬರ್ತೀರಿ ಅಂತ."

ಅವರು ಬೆಂಚಿನ ಮೇಲೆ ಕುಸಿದು ಕೂತರು. "ಎಂಥ ಕೆಲಸ ಮಾಡ್ಬಿಟ್ರಿ! ಮಗ ಕೆಲಸಕ್ಕೆ ಸೇರಿದ್ಮೇಲೆ ನಮ್ಮನೇದನ್ನೂ ಮುಚ್ಚಿಸಿಬಿಟ್ಟ. ನಾನೂ ಮಗ್ಗದೋನೇ ಕಣ್ರೀ. ಕೈಮಗ್ಗದ ಮನೆ ಅಂತ ಬ್ರೋಕರ್ ಹೇಳ್ದ. ಹೆಣ್ಣು ನೋಡೋ ನೆಪದಲ್ಲಿ ಒಂದ್ ಗಳಿಗೆ ಕಾಲು ಇಳಿಬಿಟ್ಟು ಕೂತ್ಕೊಂಡು ಹೋಗೋಣ ಅಂತ ಬಂದಿದ್ದೆ."

ಅಪ್ಪ ಅವರ ಪಕ್ಕದಲ್ಲಿ ಕೂತರು. ಬಹಳ ಹೊತ್ತು ಇಬ್ಬರೂ ನೂಲು, ಬಣ್ಣ, ಸೆರಗಿನ ಅಂಚು ಅಂತ ಮಾತಾಡಿದರು. ಕಾಫಿ ತಟ್ಟೆ ಹಿಡಿದು ನಿಂತ ನನ್ನನ್ನು ಯಾರೂ ಗಮನಿಸಲಿಲ್ಲ, ಹುಡುಗನೊಬ್ಬನನ್ನು ಬಿಟ್ಟು. ನಾವಿಬ್ಬರೂ ಒಬ್ಬರನ್ನೊಬ್ಬರು ಧಾರಾಳವಾಗಿ ನೋಡಿಕೊಂಡೆವು. ಮದುವೆ ಅಲ್ಲೇ ಗೊತ್ತಾಯಿತು.

ಒಂದು ವಾರ ತಡೆದಿದ್ದರೆ ಆ ಗುಂಡಿ ಉಳಿಯುತ್ತಿತ್ತಲ್ಲ ಅನ್ನುವ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ. ಮದುವೆಯಾದ ಮೇಲೆ, "ಮತ್ತೆ ಅಗೆಸೋಣಪ್ಪಾ" ಅಂದೆ. "ಬೇಡ ಬಿಡು, ನಾಳೆ ನಿನ್ನ ಮಕ್ಕಳು ಬಂದು ಬಿದ್ದಾರು" ಅಂದರು. ಆ ಬೆಂಚಿನ ಮೇಲೆ ಅವರು ಒಂದು ದಿನವೂ ನೆಮ್ಮದಿಯಾಗಿ ಕೂತದ್ದನ್ನು ನಾನು ನೋಡಲಿಲ್ಲ.

ದೇವನಹಳ್ಳಿಯವರು ಬಂದ ಅವತ್ತು, ಅವರಿಬ್ಬರ ಮಾತಿನ ನಡುವೆ ನನ್ನ ಕಣ್ಣು ಕೆಳಗೆ ಹೋಯಿತು. ಬೆಂಚಿನ ಕೆಳಗೆ ನಾಲ್ಕೂ ಪಾದಗಳು ಒಂದೇ ಲಯದಲ್ಲಿ ನೆಲ ತುಳಿಯುತ್ತಿದ್ದವು, ಎಡ, ಬಲ, ಎಡ, ಬಲ. ಅಮ್ಮನ ರಂಗೋಲಿ ಪೂರ್ತಿ ಅಳಿಸಿಹೋಗಿತ್ತು.

ಅತ್ತೆಯಾಗುವವರೂ ಅದನ್ನೇ ನೋಡುತ್ತಿದ್ದರು. ಅಮ್ಮನ ಹತ್ತಿರ ಸರಿದು ಮೆಲ್ಲಗೆ ಕೇಳಿದರು: "ನಮ್ಮೋರಿಗೆ ಕೂತ್ರೆ ಸಾಕು, ಕಾಲು ಹಿಂಗೇ ಆಡುತ್ತೆ. ಡಾಕ್ಟ್ರು ನರದ ಕಾಯಿಲೆ ಅಂದ್ರು. ನಿಮ್ಮೋರಿಗೆ ಯಾವಾಗಿಂದ ಶುರುವಾಯ್ತು?"

ಅಮ್ಮ ತಾನು ಸಿಂಗರಿಸಿದ ವರಾಂಡವನ್ನು ಒಂದು ಸಲ ಸುತ್ತ ನೋಡಿದಳು.

"ಮೊನ್ನೆ ಭಾನುವಾರದಿಂದ" ಅಂದಳು.