ಮರಿಯಮ್ಮನವರ ಕೇಕು, ನಮ್ಮ ಸಂಕ್ರಾಂತಿಯ ಸಕ್ಕರೆ

ಮಾನ್ಯ ಓದುಗ ಮಹಾಶಯರಲ್ಲಿ, ಚನ್ನರಾಯಪಟ್ಟಣದ ನಿವಾಸಿಯೂ ವೃತ್ತಿಯಿಂದ ತಾಲ್ಲೂಕು ಕಚೇರಿಯ ಗುಮಾಸ್ತನೂ ಆದ ನಾನು ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕೇಕು ಎಂಬ ಪದಾರ್ಥವನ್ನು ತಯಾರಿಸುವುದು ಕಷ್ಟವೆಂದು ನನಗೆ ಯಾರೂ ಮುಂಚಿತವಾಗಿ ತಿಳಿಸಿರಲಿಲ್ಲ. ತಿಳಿಸಿದ್ದರೂ ನಂಬುತ್ತಿರಲಿಲ್ಲ. ಕಣ್ಣಿಂದ ಕಾಣದ ಕೆರೆಗಳ ಏರಿ ಭದ್ರವಾಗಿದೆಯೆಂದು ವರದಿ ಬರೆದು ಅಭ್ಯಾಸವಿದ್ದವನಿಗೆ, ಮಾಡಿ ನೋಡದ ಕೇಕು ಯಾವ ಲೆಕ್ಕ!

ಪ್ರಕರಣದ ಹಿನ್ನೆಲೆ ಹೀಗಿದೆ. ನಮ್ಮ ಪಕ್ಕದ ಮನೆಯ ಮರಿಯಮ್ಮನವರು ಹೆರಿಗೆ ಮಾಡಿಸುವ ನರ್ಸು. ನಮ್ಮ ಮಗಳನ್ನು ಲೋಕಕ್ಕೆ ಕರೆತಂದವರು ಅವರೇ. ಪ್ರತಿ ಕ್ರಿಸ್‌ಮಸ್ಸಿಗೂ ಬೆಂಗಳೂರಿನಿಂದ ಅವರ ತಾಯಿ ಕೇಕು ಕಳುಹಿಸುತ್ತಿದ್ದರು. ಈ ಪ್ರಕರಣ ನಡೆದ ವರ್ಷದ ಮಳೆಗಾಲದಲ್ಲಿ ಆ ತಾಯಿ ತೀರಿಕೊಂಡರು. ಈ ಸಲ ಹಬ್ಬವಿಲ್ಲ, ಮನೆಗೆ ಯಾರನ್ನೂ ಕರೆಯುವುದಿಲ್ಲ ಎಂದು ಮರಿಯಮ್ಮನವರು ಗೋಡೆಯಾಚೆಯಿಂದ ನನ್ನ ಹೆಂಡತಿ ಪದ್ಮಾವತಿಗೆ ಹೇಳುತ್ತಿದ್ದರು. ನಾನು ಮಧ್ಯೆ ಪ್ರವೇಶಿಸಿದೆ. "ಎಲ್ಲರನ್ನೂ ಕರೆಯಿರಿ. ಕೇಕು ನಮ್ಮ ಮನೆಯಿಂದ ಬರುತ್ತದೆ" ಎಂದುಬಿಟ್ಟೆ.

ಅವರ ಮುಖ ಅರಳಿತು. ಪದ್ಮಾವತಿಯ ಮುಖದ ವಿಷಯ ಇಲ್ಲಿ ಅಪ್ರಸ್ತುತ.

ಯುದ್ಧದ ಕಾಲ, ಸಕ್ಕರೆ ಸಿಗುತ್ತಿರಲಿಲ್ಲ. ಮನೆಯಲ್ಲಿದ್ದದ್ದು ಸಂಕ್ರಾಂತಿಯ ಸಕ್ಕರೆ ಅಚ್ಚಿಗೆಂದು ಆಕೆ ತಿಂಗಳುಗಟ್ಟಲೆ ಪಡಿಯಿಂದ ಉಳಿಸಿದ್ದ ಒಂದು ಡಬ್ಬಿ ಮಾತ್ರ. ಆಕೆ ಅದನ್ನು ತಂದು ನನ್ನೆದುರು ಇಟ್ಟಳು. ಇಟ್ಟ ಸದ್ದಿನಲ್ಲೇ ಎಲ್ಲವೂ ಅಡಕವಾಗಿತ್ತು.

ವಿಧಾನವನ್ನು ತಿಳಿಯಲು ಮುಸಾಫಿರ್ ಬಂಗಲೆಯ ಹಳೆಯ ಬಟ್ಲರನ ಬಳಿಗೆ ಹೋದೆ. ಆತ ಮೊದಲ ಮಾತಿಗೇ ಮೊಟ್ಟೆ ಎಂದ. ನಾವು ಜೈನರು, ಮೊಟ್ಟೆ ನಮ್ಮ ಹೊಸ್ತಿಲು ದಾಟುವಂತಿಲ್ಲ ಎಂದು ವಿವರಿಸಿದೆ.

"ಮೊಟ್ಟೆ ಇಲ್ದೆ ಕೇಕು ಎದ್ದೇಳಾಕಿಲ್ಲ ಸಾ."

"ಎದ್ದು ಎಲ್ಲಿಗೆ ಹೋಗಬೇಕಾಗಿದೆ? ಕೂತಿರಲಿ."

"ಕೂತ್ಕಳಾಕೂ ಇಲ್ಲ ಸಾ. ಮನಿಕತದೆ."

ಸದರಿ ಆಕ್ಷೇಪಣೆಯನ್ನು ನಾನು ತಳ್ಳಿಹಾಕಿದೆ. ಮೈದಾ, ಡಬ್ಬಿಯ ಅರ್ಧ ಸಕ್ಕರೆ, ತುಪ್ಪ, ಒಣದ್ರಾಕ್ಷಿ, ಹುಳಿಮೊಸರು, ಚಿಟಿಕೆ ಸೋಡ ಇವುಗಳನ್ನು ಕಲಸಿ, ಹಿತ್ತಿಲಿನಲ್ಲಿ ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸಿದೆ. ಮುಚ್ಚಳ ತೆಗೆದಾಗ ಅಂಚೆಲ್ಲ ಕಪ್ಪಾಗಿ ಎತ್ತರ ನಿಂತಿತ್ತು. ನಡುವೆ ಆಳವಾದ ಗುಂಡಿ. ಅದು ಕೇಕಲ್ಲ, ನೀರಿಲ್ಲದ ಕೆರೆ! ಏರಿ ಮಾತ್ರ ಭದ್ರವಾಗಿತ್ತು.

ಉಳಿದ ದಾರಿ ಒಂದೇ, ಮೇಲೆ ಬಿಳಿಯ ಐಸಿಂಗ್ ಹೊದಿಸಿ ಗುಂಡಿಯನ್ನು ಮರೆಮಾಡುವುದು. ಬಟ್ಲರನ ಪ್ರಕಾರ ಅದಕ್ಕೂ ಮೊಟ್ಟೆಯ ಬಿಳಿಭಾಗ ಬೇಕು. ಆಗ ನನ್ನ ಬುದ್ಧಿಗೆ ಹೊಳೆಯಿತು. ಸಂಕ್ರಾಂತಿಯ ಅಚ್ಚಿಗಿಂತ ಬಿಳಿಯ ವಸ್ತು ಲೋಕದಲ್ಲಿ ಯಾವುದಿದೆ? ಉಳಿದ ಸಕ್ಕರೆಯನ್ನೆಲ್ಲ ಹಾಲು ಹಾಕಿ, ಕೊಳೆ ತೆಗೆದು, ಪಾಕಕ್ಕಿಟ್ಟೆ.

"ರೀ, ಅದು ಅಚ್ಚಿನ ಪಾಕ. ಆರಿದ್ರೆ ಕಲ್ಲಾಗುತ್ತೆ" ಎಂದಳು ಪದ್ಮಾವತಿ.

ಪರಿಶೀಲಿಸಲಾಗುವುದು ಎಂದು ಹೇಳಿ ಸುರಿದೆ. ಕೆರೆ ಕೋಡಿ ಬಿತ್ತು. ಗಿಳಿ, ಆನೆಗಳ ಅಚ್ಚು ನಮ್ಮಲ್ಲಿಲ್ಲ. ಸಕ್ಕರೆಯದಾದರೂ ಪ್ರಾಣಿಯ ಕುತ್ತಿಗೆ ಮುರಿದು ತಿನ್ನುವುದು ನಮ್ಮವರಿಗೆ ಸಲ್ಲದು. ಆದ್ದರಿಂದ ಮಿಕ್ಕ ಪಾಕದಿಂದ ತಾವರೆಗಳನ್ನೂ ನಡುವೆ ಒಂದು ಮಂಟಪವನ್ನೂ ಅಚ್ಚು ಹೊಯ್ದು ನಿಲ್ಲಿಸಿದೆ. ಅಮೃತಶಿಲೆಯಂತೆ ಹೊಳೆಯಿತು. ಈ ಹೋಲಿಕೆ ಎಷ್ಟು ನಿಜವೆಂದು ನನಗಾಗ ತಿಳಿದಿರಲಿಲ್ಲ.

ಹಬ್ಬದ ಸಂಜೆ ಮರಿಯಮ್ಮನವರ ಮನೆಯಲ್ಲಿ ಅವರ ಕಡೆಯ ಏಳೆಂಟು ಜನ ಸೇರಿದ್ದರು. ಕೇಕನ್ನು ಕಂಡ ಮರಿಯಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡು, "ನಮ್ಮವ್ವ ಕಳಿಸ್ತಿದ್ದುದ್ಕಿಂತ ಬೆಳ್ಳಗದೆ" ಎಂದರು. ನನ್ನ ಜನ್ಮ ಸಾರ್ಥಕವಾಯಿತು. ಆ ಸಾರ್ಥಕ್ಯ ಚಾಕು ತರುವವರೆಗೆ ಉಳಿಯಿತು.

ಮೊದಲ ಚಾಕು ಜಾರಿತು. ಎರಡನೆಯದು ಬಾಗಿತು. ಯಾರೋ ಕೆಮ್ಮಿದರು. ತಾಯಿಯಿಲ್ಲದ ಮೊದಲ ಹಬ್ಬವನ್ನು ನಾನೇ ಮುಂದೆ ನಿಂತು ಹಾಳು ಮಾಡಿದ್ದೆ. ಅಷ್ಟರಲ್ಲಿ ಪದ್ಮಾವತಿ ತೆಂಗಿನಕಾಯಿ ಒಡೆಯುವ ಮಚ್ಚನ್ನು ಸೆರಗಿನ ಮರೆಯಿಂದ ತೆಗೆದು ಮುಂದಿಟ್ಟಳು. ಮನೆಯಿಂದ ಹೊರಡುವಾಗಲೇ ತಂದಿದ್ದಳು!

ಮರಿಯಮ್ಮನವರು ಮಚ್ಚು ಎತ್ತಿ ಒಂದೇಟು ಬಿಟ್ಟರು. ಮಂಟಪ ಹಾರಿ ಕಿಟಕಿಗೆ ಬಡಿಯಿತು. ಚಿಪ್ಪು ಒಡೆಯಿತು. ಒಳಗೆ ಹಸಿ ಹಿಟ್ಟು.

ಅವರು ಮಚ್ಚನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ಈ ಕೈಲಿ ಎಷ್ಟೋ ಕೂಸುಗಳ್ನ ಈಚೆಗೆ ತೆಗ್ದಿವ್ನಿ ಸಾಮಿ. ಇಂಥಾ ಹಟಮಾರಿನ ಕಾಣೆ ಕಣ" ಎಂದು ನಗತೊಡಗಿದರು. ನಗು ನಿಲ್ಲಲಿಲ್ಲ. ಗೋಡೆಯಾಚೆಯಿಂದ ಆ ನಗು ಮಳೆಗಾಲದಿಂದ ಈಚೆಗೆ ಕೇಳಿಯೇ ಇರಲಿಲ್ಲವೆಂದು ನನಗೆ ಆಗ ಹೊಳೆಯಿತು.

ಬೆಂದಿದ್ದ ಅಂಚಿನ ಮೊದಲ ತುಂಡನ್ನು ನನಗೇ ಕೊಡಲು ಬಂದರು. ಹೊರಗೆ ನೋಡಿದೆ. ಹೊತ್ತು ಮುಳುಗಿತ್ತು. ಸೂರ್ಯಾಸ್ತದ ನಂತರ ನಾವು ಉಣ್ಣುವವರಲ್ಲ ಎಂದು ಪರಮ ಭಕ್ತಿಯಿಂದ ಅರಿಕೆ ಮಾಡಿಕೊಂಡೆ. ಧರ್ಮದಲ್ಲಿ ನನಗೆ ಅಷ್ಟು ಶ್ರದ್ಧೆ ಅದಕ್ಕೆ ಮುಂಚೆ ಎಂದೂ ಹುಟ್ಟಿರಲಿಲ್ಲ.

"ಕಟ್ಟಿಕೊಡಿ ಮರಿಯಮ್ಮ" ಎಂದಳು ಪದ್ಮಾವತಿ. "ಬೆಳಿಗ್ಗೆ ತಿಂತಾರೆ."

ತಿಂದೆ.

ಸಂಕ್ರಾಂತಿಯ ದಿನ ಮರಿಯಮ್ಮನವರು ಒಂದು ತಟ್ಟೆ ತಂದರು. ಒಡೆದ ಚಿಪ್ಪಿನ ಚೂರುಗಳನ್ನೆಲ್ಲ ಒಂದೂ ಬಿಡದೆ ಆಯ್ದು, ಒರೆಸಿ, ಬಿಳಿಯ ಬಟ್ಟೆಯಲ್ಲಿ ಕಟ್ಟಿಟ್ಟಿದ್ದರು. ಅದು ಯಾವ ಹಬ್ಬದ ಸಕ್ಕರೆಯೆಂದು ಅವರಿಗೆ ಗೊತ್ತಾಗಿತ್ತು. ಪದ್ಮಾವತಿ ಅವುಗಳನ್ನೇ ಎಳ್ಳಿನ ಜೊತೆಗಿಟ್ಟು, ಮರಿಯಮ್ಮನವರನ್ನೂ ಕರೆದುಕೊಂಡು ಬೀದಿಗೆಲ್ಲ ಬೀರಿ ಬಂದಳು. ಮೂಲೆಮೂಲೆಯಾದ ಈ ಚೂರು ಯಾವ ಆಕಾರವೆಂದು ಮನೆಮನೆಯಲ್ಲೂ ಕೇಳಿದರಂತೆ.

ಅದಕ್ಕೆ ಇಬ್ಬರೂ ಒಟ್ಟಿಗೆ ನನ್ನ ಹೆಸರು ಹೇಳಿದರಂತೆ.