ನಾವು ಮಾಡುವ ಹಬ್ಬ, ನಾನು ಹಾಕಿದ ಚೀಟಿ

ಸ್ಮೆದೆರೆವೊ ಪಟ್ಟಣದ ಹೆಂಗಸೊಬ್ಬಳು ಹಬ್ಬದ ದಿನ ಕಾಲು ಚಾಚಿ ಕೂತರೆ ಡ್ಯಾನ್ಯೂಬ್ ನದಿಯೇನೂ ಹಿಂದಕ್ಕೆ ಹರಿಯುವುದಿಲ್ಲ ಎಂದು ನಾನು ಈ ಸಲ ತೀರ್ಮಾನಿಸಿದೆ. ಮೂವತ್ತೊಂದು ವರ್ಷದ ಸಂಸಾರದಲ್ಲಿ ನಾನು ಕೈಗೊಂಡ ಅತ್ಯಂತ ಧೀರ ತೀರ್ಮಾನ ಅದು. ನಮ್ಮ ಮನೆತನವನ್ನು ಕಾಯುವ ಸಂತ ನಿಕೋಲನ ಹಬ್ಬ ಬರಲಿ, ಅವನ ಅಪ್ಪನೇ ಬರಲಿ, ಒಲೆ ಹಚ್ಚುವುದಿಲ್ಲ!

ತಪ್ಪೆಲ್ಲ ಎರಡು ಪುಟ್ಟ ಪದಗಳದು. ನಾನು, ನಾವು. ಎರಡಕ್ಕೂ ಎರಡೇ ಅಕ್ಷರ, ದೂರದಿಂದ ನೋಡಿದರೆ ಅವಳಿ ಮಕ್ಕಳು. ನನ್ನ ಗಂಡ ತಿಹೊಮಿರ್‌ನ ಬಾಯಲ್ಲಿ ಮಾತ್ರ ಅವುಗಳ ದಾರಿಯೇ ಬೇರೆ. "ನಾನು ಮೀನು ಹಿಡಿಯೋಕೆ ಹೋಗ್ತೀನಿ" ಅಂದರೆ ಅವನು ಹೋಗುತ್ತಾನೆ. "ನಾವು ಕಿಟಕಿ ಒರೆಸಬೇಕು" ಅಂದರೆ ನಾನು ಒರೆಸುತ್ತೇನೆ. ಹೋದ ವರ್ಷ ಹಬ್ಬದ ಊಟದಲ್ಲಿ ಗ್ಲಾಸು ಎತ್ತಿ, "ಎಲೆಕೋಸಿನ ಸುರುಳಿ ನಾವು ನೂರಿಪ್ಪತ್ತು ಸುತ್ತಿದ್ವಿ" ಎಂದು ಘೋಷಿಸಿದ. ಸುರುಳಿಯೊಳಗೆ ಅಕ್ಕಿ ಇದೆಯೋ ಹತ್ತಿ ಇದೆಯೋ ಆ ಮಹಾನುಭಾವನಿಗೆ ಗೊತ್ತಿರಲಿಲ್ಲ.

ಹಬ್ಬಕ್ಕೆ ಎರಡು ದಿನ ಮುಂಚೆ ಶುರುಮಾಡಿದ.

"ಈ ಸಲ ನಾವು ನಲವತ್ತು ಜನಕ್ಕೆ ಮಾಡೋಣ."

"ನಾವು ಅಂದ್ರೆ ಯಾರು?"

"ನಾವೇ. ಮನೆಯವರು."

"ಸುರುಳಿ ಯಾರು ಸುತ್ತೋದು?"

"ಅದೇನು ಹೊಸದಾ? ಸುತ್ಕೋತೀವಿ ಬಿಡು."

ಆ ಎರಡು ದಿನ ನಾನು ಒಂದು ಈರುಳ್ಳಿಯನ್ನೂ ಹೆಚ್ಚಲಿಲ್ಲ. ಅಡುಗೆಮನೆ ತಣ್ಣಗಿರುವುದು ಅವನ ಗಮನಕ್ಕೇ ಬರಲಿಲ್ಲ. ಹಬ್ಬದ ಬೆಳಗ್ಗೆ ಗಾಳ ಹೆಗಲಿಗೇರಿಸಿ, ಮೀನು ಬೆದರುತ್ತದೆಂದು ಫೋನನ್ನು ಮನೆಯಲ್ಲೇ ಬಿಟ್ಟು ನದಿಗೆ ಹೋದ. ನಾನು ಕೆಳಗಿಳಿದು ಕಟ್ಟಡದ ಬಾಗಿಲಿಗೆ ಚೀಟಿ ಅಂಟಿಸಿದೆ: "ಈ ವರ್ಷ ನಾನು ಹಬ್ಬ ಮಾಡುವುದಿಲ್ಲ. ವಿದೋಸಾವ, ನಾಲ್ಕನೇ ಮಹಡಿ."

ಈ ಹಬ್ಬಕ್ಕೆ ನಾವು ಯಾರನ್ನೂ ಕರೆಯುವುದಿಲ್ಲ. ಒಮ್ಮೆ ಬಂದವರು ವರ್ಷವರ್ಷವೂ ತಾವಾಗಿ ಬರುತ್ತಾರೆ. ಬರಬೇಡಿ ಎನ್ನಬೇಕಾದರೆ ಚೀಟಿಯೇ ದಾರಿ. ಆದರೆ ಅಂಥ ಚೀಟಿಯನ್ನು ಸಾವಾದ ಮನೆಯವರು ಮಾತ್ರ ಹಾಕುತ್ತಾರೆ ಎಂಬುದು ಖುಷಿಯ ಭರದಲ್ಲಿ ನನಗೆ ಮರೆತೇ ಹೋಗಿತ್ತು.

ಕಾಲು ಚಾಚಿ ಹತ್ತು ನಿಮಿಷವಾಗಿರಲಿಲ್ಲ. ಒಂದನೇ ಮಹಡಿಯ ಮಿಲೆವಾ, ಸಾವಿನ ಮನೆಗೆ ಒಯ್ಯುವ ಕಾಫಿಪುಡಿ, ಸಕ್ಕರೆ ಪೊಟ್ಟಣಗಳ ಸಮೇತ ಒಳಗೆ ಬಂದು ನನ್ನನ್ನು ತಬ್ಬಿಕೊಂಡಳು.

"ಯಾವಾಗ ಆಯ್ತೇ ಇದು?"

"ಮೊನ್ನೆ. ಪಾತ್ರೆ ತೊಳೆಯೋವಾಗ ತೀರ್ಮಾನ ಮಾಡ್ಬಿಟ್ಟೆ."

"ಪಾಪ, ದುಃಖಕ್ಕೆ ಏನೇನೋ ಮಾತಾಡ್ತಿದ್ದಾಳೆ" ಎಂದು ಹಿಂದೆ ಬಂದ ಮೂವರಿಗೆ ಹೇಳಿದಳು. ಆಗ ನನಗೆ ಹೊಳೆಯಿತು.

"ಅಯ್ಯೋ, ಅವನು ಸತ್ತಿಲ್ಲ ಮಿಲೆವಾ!"

"ಹೌದು ಕಣಮ್ಮ. ಅಂಥವರು ಎಲ್ಲಿ ಸಾಯ್ತಾರೆ? ನಮ್ಮ ಮನಸ್ಸಲ್ಲಿ ಇದ್ದೇ ಇರ್ತಾರೆ."

ಮತ್ತೆರಡು ಸಲ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹನ್ನೊಂದು ಗಂಟೆಗೆ ಮನೆ ತುಂಬಿತು. ದುಃಖಕ್ಕೆ ಬಂದವರಿಗೆ ಕಾಫಿ ಕೊಡದೆ ಇರಲಾದೀತೆ? ಒಲೆ ಹಚ್ಚಿದೆ. ಆರನೇ ಮಹಡಿಯ ಕೊಸಾರಕ್ಕ, ಆರು ವರ್ಷದಿಂದ ವಿಧವೆ, ಮೂಲೆಯ ಸ್ಟೂಲಿನಲ್ಲಿ ಮಾತಿಲ್ಲದೆ ಕೂತು ಮೂರು ಕಪ್ ಕುಡಿದಳು. ಉಳಿದವರು ನನ್ನ ಗಂಡನನ್ನು ಹೊಗಳಿದರು.

"ಎಷ್ಟು ಕೆಲಸಗಾರ ಅಂತೀನಿ. ನೂರಿಪ್ಪತ್ತು ಸುರುಳಿ ಸುತ್ತಿದ್ರಂತೆ ಹೋದ ವರ್ಷ."

"ಇನ್ಮೇಲೆ ಒಬ್ಬಳೇ ಹೇಗೆ ನಿಭಾಯಿಸ್ತೀಯೋ ವಿದೋಸಾವ."

ಕಾಫಿ ಕಲಕುತ್ತಾ ಈ ಪ್ರಶ್ನೆಯನ್ನು ನಾನು ಶ್ರದ್ಧೆಯಿಂದ ಯೋಚಿಸಿದೆ. ಅವನಿಲ್ಲದಿದ್ದರೆ ಏನೇನು ನಿಲ್ಲುತ್ತದೆ? ಅಡುಗೆ ನಿಲ್ಲುವುದಿಲ್ಲ. ಬಟ್ಟೆ, ನೆಲ, ಕಿಟಕಿ ಯಾವುದೂ ನಿಲ್ಲುವುದಿಲ್ಲ. ನಿಲ್ಲುವುದು ಒಂದೇ, "ಉಪ್ಪು ಎಲ್ಲಿದೆ?" ಎಂಬ ಪ್ರಶ್ನೆ. ನಗು ಬರಬೇಕಿತ್ತು, ಬರಲಿಲ್ಲ. ಇಡೀ ದಿನದಲ್ಲಿ ಆ ಮನೆಯಲ್ಲಿ ನನ್ನನ್ನು ಯಾರಾದರೂ ಏನಾದರೂ ಕೇಳುತ್ತಿದ್ದರೆ ಅದೊಂದೇ. ಮೂವತ್ತೊಂದು ವರ್ಷದಿಂದ ಒಬ್ಬಳೇ ನಿಭಾಯಿಸಿದ್ದೇನೆ ಎಂದು ತಿಳಿಯಲು ಗಂಡ ಸಾಯಬೇಕಾಯಿತು, ಅದೂ ಸುಳ್ಳುಸುಳ್ಳೇ. ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಇಡೀ ಮನೆ ಅತ್ತಿತು.

ಎರಡು ಗಂಟೆಗೆ ಬಾಗಿಲು ತೆರೆಯಿತು. ಒದ್ದೆ ಬೂಟು, ಕೈಯಲ್ಲಿ ಗೇಣುದ್ದದ ಮೀನು, ತಿಹೊಮಿರ್. ನಾಲ್ಕು ಜನ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. ಮಿಲೆವಾಳ ಕೈಯ ಕಪ್ಪು ನೆಲಕ್ಕೆ ಬಿತ್ತು. ಅವನು ತುಂಬಿದ ಮನೆಯನ್ನು ಸಂತೋಷದಿಂದ ನೋಡಿ ಕೇಳಿದ:

"ನಾವು ಆಗಲೇ ಬಡಿಸೋಕೆ ಶುರು ಮಾಡಿದ್ವಾ?"

ಜನ ಖಾಲಿಯಾಗಲು ಐದು ನಿಮಿಷ ಸಾಕಾಯಿತು. ಮಿಲೆವಾ ಸಕ್ಕರೆ ಪೊಟ್ಟಣ ವಾಪಸು ತೆಗೆದುಕೊಂಡು ಹೋದಳು. ಚೀಟಿಯ ವಿಷಯ ಹೇಳಿದಾಗ ತಿಹೊಮಿರ್ ಹುಬ್ಬುಗಂಟಿಕ್ಕಿದ.

"ಮಾಡಲ್ಲ ಅಂದ್ರೆ? ಯಾರು ಮಾಡಲ್ಲ?"

"ನಾನು."

ಅವನು ಮೀನನ್ನು ನನ್ನ ಕೈಗಿಟ್ಟು, ಬೂಟು ಬಿಚ್ಚಿ, ಟಿವಿ ಹಾಕಿಕೊಂಡ.

ಸಿಂಕಿನಲ್ಲಿ ಮೂವತ್ತಾರು ಕಪ್ಪು. ನಾನು ಕಾಲು ಚಾಚಬೇಕಾಗಿದ್ದ ದಿನದ ಗಳಿಕೆ. ಪಕ್ಕದಲ್ಲಿ ನೀರಿನ ಸದ್ದಾಯಿತು. ಕೊಸಾರಕ್ಕ ಹೋಗಿರಲಿಲ್ಲ, ಅಂಗಿಯ ತೋಳು ಮಡಚಿ ಕಪ್ಪು ತೊಳೆಯುತ್ತಿದ್ದಳು.

"ಕೊಸಾರಕ್ಕ, ಚೀಟಿ ನೋಡಿ ನೀವೂ ನಂಬಿಬಿಟ್ರಾ?"

"ಇಲ್ಲ ಕಣೇ. ಬೆಳಗ್ಗೆ ಅವನು ಗಾಳ ಹೊತ್ಕೊಂಡು ಹೋಗೋದನ್ನ ಕಿಟಕಿಯಿಂದ ನೋಡಿದ್ದೆ."

"ಮತ್ತೆ ಅವರಿಗೆಲ್ಲ ಹೇಳೋದಲ್ವಾ?"

ಅವಳು ಕಪ್ಪನ್ನು ಬೆಳಕಿಗೆ ಹಿಡಿದು ನೋಡಿ ಮತ್ತೊಮ್ಮೆ ಉಜ್ಜಿದಳು.

"ಹೇಳಿದ್ರೆ ಎಲ್ಲ ಎದ್ದು ಹೋಗ್ತಿದ್ರು. ಇಷ್ಟು ಜನರ ಮಧ್ಯೆ ಕೂತು ಕಾಫಿ ಕುಡಿದು ನನಗೆ ಆರು ವರ್ಷ ಆಯ್ತು."