ಎರಡನೆಯ ಭಾಗ ನೋಡಿ ಹೇಳುತ್ತೇನೆ

ನಮ್ಮ ಸೋದರತ್ತೆಗೆ ಮೊದಲ ಸಲದ ಯಾವುದರ ಮೇಲೂ ನಂಬಿಕೆಯಿಲ್ಲ ಎಂದರೆ ನೀವು ನಗಬಹುದು. ಹೊಸ ಹೋಟೆಲಿನ ದೋಸೆ ಹೇಗಿತ್ತೆಂದು ಕೇಳಿ ನೋಡಿ! "ಇನ್ನೊಂದ್ ಸಲ ತಿಂದು ಹೇಳ್ತೀನಿ" ಎನ್ನುತ್ತಾರೆ. ಕಾಫಿ ಗಿಡ ಮೊದಲ ಫಸಲಿನಲ್ಲೇ ರೆಂಬೆ ಬಾಗುವಷ್ಟು ಕಾಯಿ ಬಿಟ್ಟರೂ ಹೊಗಳಿಕೆಯಿಲ್ಲ. ಮಾವನವರನ್ನು ಒಪ್ಪಿದ್ದು ಸಹ ಅವರು ಎರಡನೆಯ ಸಲ ಹೆಣ್ಣು ನೋಡಲು ಬಂದಾಗಲೇ. "ಎರಡನೇ ಸಲ ನಾನ್ ಹೋಗಿದ್ದು ಉಪ್ಪಿಟ್ಟಿಗೆ ಕಣೋ" ಎಂಬುದು ಮಾವನವರ ಸಮಜಾಯಿಷಿ.

ಇಂಥವರ ಮಗಳಿಗೆ ಹಾಸನದ ಕಡೆಯ ವಸತಿ ಶಾಲೆಯೊಂದರಲ್ಲಿ ಆರನೆಯ ತರಗತಿಗೆ ಸೀಟು ದೊರೆಯಿತು. ಹುಡುಗಿ ಕುಣಿದಳು, ಅತ್ತೆ ಮಾತ್ರ ಒಪ್ಪಿಗೆ ಕೊಡಲಿಲ್ಲ. ಆ ವೇಳೆಗೆ ಮಾಯಾವಿದ್ಯೆಯ ಶಾಲೆಯೊಂದರ ಕಥೆಯುಳ್ಳ ಇಂಗ್ಲಿಷ್ ಚಿತ್ರದ ಎರಡನೆಯ ಭಾಗ ಹಾಸನಕ್ಕೆ ಬಂದಿತು. ಮೊದಲನೆಯದನ್ನು ಸಿ.ಡಿ.ಯಲ್ಲಿ ನೋಡಿ, ತೀರ್ಪನ್ನು ಕಾಯ್ದಿರಿಸಿದ್ದ ಅತ್ತೆ, ಮಗಳನ್ನೂ ನನ್ನನ್ನೂ ಕಟ್ಟಿಕೊಂಡು ಹೊರಟೇ ನಿಂತರು.

"ಮೊದಲ್ನೇ ವರ್ಷ ಯಾವ ಇಸ್ಕೂಲೂ ಚೆಂದಾಗೇ ಕಾಣ್ತೈತೆ. ಎರಡನೇ ವರ್ಷಕ್ಕೆ ಮಕ್ಕಳು ನಗ್ತಾ ಇಸ್ಕೂಲಿಗೆ ವಾಪಸ್ ಬತ್ತಾವೋ, ಅಳ್ತಾ ಬತ್ತಾವೋ ನೋಡಾನ ನಡಿ."

ನಮ್ಮ ಮನೆತನದ ಏಕೈಕ ಪದವೀಧರನಾದ್ದರಿಂದ ಅನುವಾದದ ಹೊಣೆ ನನ್ನ ಮೇಲೆ ಬಿತ್ತು. ತೆರೆಯ ಮೇಲಿನ ಇಂಗ್ಲಿಷಿಗೂ ನಾನು ಓದಿ ಪಾಸಾದ ಇಂಗ್ಲಿಷಿಗೂ ಯಾವ ನೆಂಟಸ್ತಿಕೆಯೂ ಇದ್ದಂತೆ ಕಾಣಲಿಲ್ಲ! ಕಲ್ಲಿನ ಸಿಂಹ ಜೀವ ತಳೆದು ಗರ್ಜಿಸಿತು. ಚಿತ್ರಮಂದಿರವೇ ಚೀರಿದಾಗ ಅತ್ತೆ ನನ್ನ ಕಿವಿಯಲ್ಲಿ ಕೇಳಿದ್ದೇನು?

"ಈ ಮಕ್ಕಳಿಗೆ ರಾತ್ರಿ ಕಂಬಳಿ ಹೊದಿಸೋರು ಯಾರೋ?"

"ಮಂತ್ರ ಹಾಕಿದ್ರೆ ಕಂಬಳಿ ತಾನೇ ಬಂದು ಹೊದ್ಕೊಳ್ತೈತೆ ಅತ್ತೆ."

"ಜ್ವರ ಐತಾ ಅಂತ ಹಣೆ ಮುಟ್ಟಿ ನೋಡ್ತೈತಾ?"

ಹಿಂದಿನ ಸಾಲಿನಿಂದ ಒಬ್ಬರು ರೇಗಿದರು: "ಸಿನಿಮಾ ನೋಡಕ್ ಬಿಡ್ರಮ್ಮ!"

"ನೀನ್ ಸಿನಿಮಾ ನೋಡಪ್ಪ. ನಾನ್ ಇಸ್ಕೂಲ್ ನೋಡ್ತಾ ಇವ್ನಿ."

ಚಿತ್ರ ಮುಗಿಯಿತು. ಹುಡುಗಿ ಉಗುರು ಕಚ್ಚುತ್ತಾ, "ಅವ್ವ, ಹೋಗ್ಲಾ?" ಎಂದಳು.

"ರಜ ಮುಗಿಸ್ಕೊಂಡು ಬಂದ ಮಕ್ಕಳು ಗೇಟ್ ಕಂಡಿದ್ದೇ ತಡ, ನಗ್ತಾ ಓಡ್ಬುಟ್ವು. ಪರವಾಗಿಲ್ಲ. ಹೋಗು."

ಹುಡುಗಿಯ ಸಂಭ್ರಮ ಬಸ್ಸು ಹತ್ತುವವರೆಗೂ ನಿಲ್ಲಲಿಲ್ಲ. ಹತ್ತಿದ ಮೇಲೆ ಕಿಟಕಿಗೆ ಒರಗಿ ನಿದ್ದೆ ಹೋದಳು. ಆಲೂರು ದಾಟಿದ ಮೇಲೆ ಅತ್ತೆ ಮೆಲ್ಲನೆ ಕೇಳಿದರು:

"ಅಲ್ಲ ಮಾರಾಯ, ಆ ಮಕ್ಕಳ ಅವ್ವಂದಿರನ್ನ ತೋರಿಸ್ಲೇ ಇಲ್ವಲ್ಲೋ. ಬಿಟ್ಟು ಬಂದ್ಮೇಲೆ ಅವರೇನ್ ಮಾಡ್ತಾರೆ?"

ಅಷ್ಟರಲ್ಲಿ ನಮ್ಮೂರು ಪಾಳ್ಯ ಬಂದಿತು. ಅತ್ತೆ ಮಗಳನ್ನು ಎಬ್ಬಿಸಲಿಲ್ಲ. ತಮ್ಮ ಭುಜದೆತ್ತರಕ್ಕೆ ಬೆಳೆದಿದ್ದ ಆ ಹುಡುಗಿಯನ್ನು, ಕೂಸನ್ನು ಎತ್ತಿಕೊಂಡಂತೆ ಸೊಂಟದ ಮೇಲೆ ಎತ್ತಿಕೊಂಡು, ಬಸ್ಸಿನಿಂದ ಇಳಿದರು.